ನಾಲ್ಕು ಭವಿಷ್ಯ, ಮೂರು ಪರದೆ

ಮುಂದೆ ನೋಡಿ ನಡೆಯುವುದನ್ನು ಜನರಿಗೆ ಕಲಿಸಲೆಂದು ಇಟ್ಟಿಗಿಗೆ ಬಂದ ಬಸವೇಶ್ ಅವರು ಬಸ್ಸಿಳಿದು, ಅಂಗಿ ಕೊಡವಿಕೊಂಡು, ಹೂವಿನ ಸಂಘದ ಪಡಸಾಲೆಗೆ ಗತ್ತಿನಿಂದ ಕಾಲಿಟ್ಟರು. ಪಡಸಾಲೆಗೆ ಅಂದು ಬೆಳಿಗ್ಗೆಯಷ್ಟೇ ಸಿಮೆಂಟು ಹಾಕಿದ್ದರು. ಎಡಗಾಲು ಮೆತ್ತಗೆ ಇಳಿಯಿತು. ಅಷ್ಟಕ್ಕೇ ಹಿಂದೆ ಸರಿದಿದ್ದರೆ ಒಂದೇ ಗುರುತಿನಲ್ಲಿ ಮುಗಿಯುತ್ತಿತ್ತು. ಆದರೆ ಇಟ್ಟ ಹೆಜ್ಜೆಯನ್ನು ಹಿಂದೆಗೆದುಕೊಳ್ಳುವ ಅಭ್ಯಾಸ ಸರಕಾರಿ ನೌಕರರಿಗೆ ಇರುವುದಿಲ್ಲವಾದ್ದರಿಂದ ಬಲಗಾಲನ್ನೂ ಇಟ್ಟರು. ಎಡಗಾಲಿನ ಚಪ್ಪಲಿ ಅಲ್ಲೇ ಉಳಿಯಿತು. ಕಂಕುಳಲ್ಲಿದ್ದ ಚಾರ್ಟಿನ ಸುರುಳಿ ಜಾರಿ ಹಸಿ ನೆಲದ ಮೇಲೆ ಬಿದ್ದು ತನ್ನಷ್ಟಕ್ಕೆ ಬಿಚ್ಚಿಕೊಂಡಿತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಮುಂದಾಲೋಚನೆ’ ಎಂದು ಬರೆದಿತ್ತು.

ಎದುರಿನ ಬೇವಿನ ಕಟ್ಟೆಯ ಮೇಲೆ ಹಿರಿಯರೊಬ್ಬರು ಕೂತು ಇದೆಲ್ಲವನ್ನೂ ಮೊದಲಿನಿಂದ ನೋಡುತ್ತಿದ್ದರು. ಬಿಳಿ ಧೋತರ, ಕಿವಿ ಮುಚ್ಚುವಷ್ಟು ಇಳಿಬಿಟ್ಟ ಕೂದಲು, ಕೂದಲಿಗೆ ಕಡುಗಪ್ಪು ಬಣ್ಣ, ಬುಡದಲ್ಲಿ ಮಾತ್ರ ನಿಜ.

“ಯಜಮಾನ್ರೇ, ಹಸಿ ಐತೆ ಅಂತ ಒಂದು ಮಾತು ಹೇಳಬಾರದಿತ್ತಾ?” ಎಂದರು ಬಸವೇಶ್, ಒಂಟಿ ಚಪ್ಪಲಿಯಲ್ಲಿ ನಿಂತು.

“ನೀವು ಬರೋ ಗತ್ತು ನೋಡಿದರ, ಗೊತ್ತಿದ್ದೇ ಬರಾಕ ಹತ್ತೀರಿ ಅಂತ ತಿಳಕಂಡೆ ರೀ.” ಹಿರಿಯರು ಸ್ವಲ್ಪ ಯೋಚಿಸಿ ಮತ್ತೆ ಅಂದರು: “ಪ್ರವೇಶ ಚಲೋ ಇತ್ತು. ಆದರ ಬಲಗಾಲು ಮೊದಲು ಬರಬೇಕು. ಚಾರ್ಟು ಕೆಡವೋದು ಮಾತ್ರ ಬರೋಬ್ಬರಿ ಟೈಮಿಗೆ ಕೆಡವಿದ್ರಿ.”

ಎರಡು ಸಾವಿರನೇ ಇಸವಿಯ ಡಿಸೆಂಬರಿನಲ್ಲಿ ಬಸವೇಶರಿಗೂ ಪೇಟಿ ಮಾಸ್ತರ ಪಂಚಾಕ್ಷರಪ್ಪನವರಿಗೂ ಪರಿಚಯವಾದದ್ದು ಹೀಗೆ.

ಬಸವೇಶ್ ಹರಪನಹಳ್ಳಿಯವರು, ನೌಕರಿ ಹಗರಿಬೊಮ್ಮನಹಳ್ಳಿಯಲ್ಲಿ. ಸುತ್ತಲಿನ ಸಹಕಾರ ಸಂಘಗಳಿಗೆ ತಿರುಗಿ ತರಬೇತಿ ಕೊಡುವುದು ಕೆಲಸ. ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಟ್ಟೆಯ ಜೊತೆಗೆ ಉಪದೇಶವೂ ಮುಂದೆ ಬರುತ್ತದಷ್ಟೆ. ಅವರಿಗೆ ಎರಡೂ ಬಂದಿದ್ದವು. ಈಚೆಗೆ ಧಾರವಾಡದಲ್ಲಿ ಒಂದು ಶಿಬಿರಕ್ಕೆ ಹೋಗಿ ಹೊಸ ವಿದ್ಯೆಯೊಂದನ್ನು ಕಲಿತು ಬಂದಿದ್ದರು. ಸಂಘ ಸಂಸ್ಥೆಗಳು ಬರುವ ವರ್ಷದ್ದನ್ನಷ್ಟೇ ಯೋಚಿಸಬಾರದು, ಹತ್ತು ವರ್ಷ ಮುಂದೆ ಹೋಗಿ ನಿಲ್ಲಬೇಕು. ಅಲ್ಲಿ ಒಂದಲ್ಲ, ನಾಲ್ಕು ಬೇರೆ ಬೇರೆ ಭವಿಷ್ಯಗಳನ್ನು ಕಲ್ಪಿಸಿಕೊಳ್ಳಬೇಕು. ನಾಲ್ಕನ್ನೂ ನೋಡಿಕೊಂಡು ಬಂದು ಇಂದು ಏನು ಮಾಡಬೇಕೆಂದು ತೀರ್ಮಾನಿಸಬೇಕು. ಶಿಬಿರದಲ್ಲಿ ಇದನ್ನು ಕೇಳಿದಾಗ ಬಸವೇಶರಿಗೆ ರೋಮಾಂಚನವಾಗಿತ್ತು. ಊಟವೂ ಚೆನ್ನಾಗಿತ್ತು.

ಇಟ್ಟಿಗಿಯ ಹೂವಿನ ಸಂಘಕ್ಕೆ ಈ ವಿದ್ಯೆಯ ಅಗತ್ಯ ನಿಜವಾಗಿಯೂ ಇತ್ತು. ಹಡಗಲಿ ಸೀಮೆಯ ಮಲ್ಲಿಗೆಯನ್ನು ಕೇಳದವರಿಲ್ಲ. ಆದರೆ ಬೆಳೆದವರು ಬುಟ್ಟಿ ಹೊತ್ತುಕೊಂಡು ಏಜೆಂಟನ ಮುಂದೆ ನಿಲ್ಲಬೇಕಿದ್ದ ಕಾಲವೊಂದಿತ್ತು. ಅವನು ಎರಡು ಬೆರಳಲ್ಲಿ ಒಂದು ಮೊಗ್ಗು ಒತ್ತಿ “ಬಾಡೈತಿ” ಎಂದರೆ ಬುಟ್ಟಿಯೆಲ್ಲ ಬಾಡಿದಂತೆಯೇ. ಅನ್ನದಾನಮ್ಮ ಎಂಬ ಹೆಂಗಸು ಮನೆಮನೆಗೆ ತಿರುಗಿ, ಬೈದು, ಅತ್ತು, ಊಟಕ್ಕೆ ಹಾಕಿ ಈ ಬೆಳೆಗಾರರನ್ನೆಲ್ಲ ಒಂದು ಸಂಘವಾಗಿ ಕಟ್ಟಿದ್ದರು. ಅಂದಿನಿಂದ ಏಜೆಂಟರೇ ಸಂಘದ ಬಾಗಿಲಿಗೆ ಬರುವಂತಾಗಿತ್ತು.

ಈಗ ಆ ಸಂಘ ಎರಡಾಗುವುದರಲ್ಲಿತ್ತು. ಹೂವೆಲ್ಲ ದಾವಣಗೆರೆಗೆ ಹೋಗಬೇಕು ಎನ್ನುವ ಗುಂಪಿಗೆ ಕರಿಸಿದ್ದಪ್ಪ ಮುಖಂಡ. ಹೊಸಪೇಟೆಗೇ ಹೋಗಬೇಕು ಎನ್ನುವ ಗುಂಪಿಗೆ ಹುಲುಗಪ್ಪ. ಇಬ್ಬರೂ ಒಂದೇ ಓಣಿಯವರು, ಒಂದೇ ಬಾವಿಯಲ್ಲಿ ಈಜು ಕಲಿತವರು, ಒಂದು ವರ್ಷದಿಂದ ಮಾತು ಬಿಟ್ಟವರು. ಸಭೆಯಲ್ಲಿ ಎದುರಾ ಬದುರಾ ಕೂತರೂ “ಅವರಿಗೆ ಹೇಳ್ರಿ” ಎಂದು ಮೂರನೆಯವರ ಮೂಲಕವೇ ಬೈದಾಡುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಮಹಾಸಭೆ ಕರೆದು, ಕೈ ಎತ್ತಿ, ಸಂಘ ಒಡೆದುಬಿಡುವುದೆಂದು ಇಬ್ಬರೂ ಒಪ್ಪಿದ್ದರು. ಅವರಿಗೆ ಒಮ್ಮತವಿದ್ದದ್ದು ಅದೊಂದರಲ್ಲೇ.

“ಒಡದರ ಎರಡೂ ಕಡೆ ಏಜೆಂಟ್ರು ಬಾಯಿ ತಕ್ಕಂಡು ಕುಂತಾರ, ಸಾಹೇಬ್ರ,” ಎಂದರು ಅಧ್ಯಕ್ಷೆ ಅನ್ನದಾನಮ್ಮ, ಬಸವೇಶರ ಕಾಲಿಗೆ ತಾವೇ ನೀರು ಹಾಕುತ್ತಾ. “ಮತ್ತ ಬುಟ್ಟಿ ಹೊತ್ತು ಅವರ ಮುಂದ ನಿಲ್ಲೋದು ನನ್ನ ಕಣ್ಣಿಲೆ ನೋಡಾಕ ಆಗಂಗಿಲ್ಲ. ನಿಮ್ಮ ವಿದ್ಯಾದಾಗ ಏನರ ಇದ್ರ ಹಾಕ್ರಿ.”

ಬಸವೇಶ್ ಹಾಕಿದರು. ಸಿಮೆಂಟು ಹತ್ತಿದ ಚಾರ್ಟನ್ನು ಪಕ್ಕದ ಕೋಣೆಯ ಗೋಡೆಗೆ ಅಂಟಿಸಿ, ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು ನಾಲ್ಕು ಮನೆ ಮಾಡಿದರು. ಸಂಘ ಒಂದಾಗಿದ್ದು ಹೂವಿಗೆ ಗಿರಾಕಿ ಏರಿದರೆ ಒಂದು ಭವಿಷ್ಯ, ಗಿರಾಕಿ ಇಳಿದರೆ ಇನ್ನೊಂದು. ಸಂಘ ಒಡೆದು ಗಿರಾಕಿ ಏರಿದರೆ ಮೂರನೆಯದು, ಇಳಿದರೆ ನಾಲ್ಕನೆಯದು.

“ಕಟ್ಟಿಮನಿ ಆಟ ಇದ್ದಂಗ ಐತಿ,” ಎಂದ ಹಿಂದಿನ ಸಾಲಿನವನೊಬ್ಬ. “ಕವಡಿ ಎಲ್ಲಿ ಸಾಹೇಬ್ರ?”

“ಕವಡೆ ಇಲ್ಲಪ್ಪ. ಕಣ್ಣು ಮುಚ್ಚಿಕೊಳ್ಳಿ ಎಲ್ಲರೂ. ಈಗ ಎರಡು ಸಾವಿರದ ಹತ್ತನೇ ಇಸವಿ. ನೀವು ಬೆಳಿಗ್ಗೆ ಎದ್ದಿದ್ದೀರಿ. ಏನು ಕಾಣ್ತೈತೆ?”

ಎಲ್ಲರೂ ವಿಧೇಯರಾಗಿ ಕಣ್ಣು ಮುಚ್ಚಿದರು. ಹೂವು ಕೀಳುವವರು ಕತ್ತಲಿರುವಾಗಲೇ ಏಳುವ ಜನ. ಮಧ್ಯಾಹ್ನದ ಊಟವಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಭೆ ಎರಡು ಸಾವಿರದ ಹತ್ತರಲ್ಲಿ ಗೊರಕೆ ಹೊಡೆಯುತ್ತಿತ್ತು. ಎಚ್ಚರವಿದ್ದವರು ಮುಖಂಡರಿಬ್ಬರೇ.

“ನನಗ ಏನೂ ಕಾಣವಲ್ದು ರೀ,” ಎಂದ ಕರಿಸಿದ್ದಪ್ಪ. “ಕಣ್ಣು ಮುಚ್ಚಿದರ ಯಾರಿಗೆ ಏನು ಕಾಣತೈತಿ? ಹುಲುಗಪ್ಪನೋರಿಗೆ ಏನರ ಕಂಡ್ರ ಕೇಳಿ ಹೇಳ್ರಿ.”

“ನನಗ ಕರಿಸಿದ್ದಪ್ಪನೋರು ಇಲ್ಲದ ಸಂಘ ಕಂಡತಿ ಅಂತ ಅವರಿಗೆ ಹೇಳ್ರಿ,” ಎಂದ ಹುಲುಗಪ್ಪ, ಕಣ್ಣು ಮುಚ್ಚಿಕೊಂಡೇ. “ಭಾಳ ಚಲೋ ಐತಿ.”

ಬಸವೇಶ್ ಬೆವರಿದರು. ಧಾರವಾಡದಲ್ಲಿ ಹೀಗಾಗಿರಲಿಲ್ಲ. ಆಗ ಬಾಗಿಲ ಕಡೆಯಿಂದ ಪೇಟಿ ಮಾಸ್ತರರ ದನಿ ಬಂತು.

“ಸಾಹೇಬ್ರ, ನಿಮ್ಮ ಕಥಿ ಚಲೋ ಐತಿ. ಪಾತ್ರ ಹಂಚೋದು ಮರ್ತೀರಿ.”

ಪಂಚಾಕ್ಷರಪ್ಪನವರ ಬದುಕೇ ಪಾತ್ರ ಹಂಚುವುದರಲ್ಲಿ ಕಳೆದದ್ದು. ಹುಡುಗರಾಗಿದ್ದಾಗ ಕೊಟ್ಟೂರಿನಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯೊಂದರ ಹಿಂದೆ ಹೋದವರು. ಮೊದಲು ಪರದೆ ಎಳೆದರು, ಆಮೇಲೆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ, ಅಂದರೆ ಕಾಲುಪೇಟಿ, ನುಡಿಸಿದರು. ಹರಪನಹಳ್ಳಿಯ ಬೀಡಿನಲ್ಲಿ ಕಂಪನಿ ಮುರಿದುಬಿತ್ತು. ಮಾಲೀಕ ಬೆಳಗಾಗುವಷ್ಟರಲ್ಲಿ ಮಾಯವಾಗಿದ್ದ. ಕಲಾವಿದರು ಕೈಗೆ ಸಿಕ್ಕದ್ದನ್ನು ಹಂಚಿಕೊಂಡು ಊರು ಸೇರಿದರು. ಒಬ್ಬ ಕಿರೀಟ ಒಯ್ದ, ಒಬ್ಬ ಸಿಂಹಾಸನ ಒಯ್ದು ಹಲಗೆ ಬಿಚ್ಚಿ ಬಾಗಿಲು ಮಾಡಿಸಿದ. ಪಂಚಾಕ್ಷರಪ್ಪನವರ ಪಾಲಿಗೆ ಕಾಲುಪೇಟಿಯೂ ಮೂರು ಪರದೆಗಳೂ ಬಂದವು: ಒಂದು ಅರಮನೆ, ಒಂದು ಬೀದಿ, ಒಂದು ಕಾಡು.

ಆ ಮೂರು ಪರದೆ ಹೊತ್ತುಕೊಂಡು ಅವರು ಇಟ್ಟಿಗಿ, ಹಂಪಸಾಗರ, ಉಜ್ಜಿನಿ ಎಂದು ಊರೂರು ತಿರುಗಿ ಹಬ್ಬಕ್ಕೆ ನಾಟಕ ಕಲಿಸಿದರು. ಸುತ್ತಲಿನ ಊರುಗಳಲ್ಲಿ ಅವರ ಕೈಯಲ್ಲಿ ಬೈಸಿಕೊಳ್ಳದ ಗಂಡಸು ಅಪರೂಪ. ಒಮ್ಮೆ ಕೊಟ್ಟ ಪಾತ್ರವನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಹಡಗಲಿಯ ಬ್ಯಾಂಕೊಂದರ ಜವಾನನನ್ನು ಕೌಂಟರಿನ ಮುಂದೆಯೇ “ಮಹಾರಾಜರೇ, ಪಾಸ್‌ಬುಕ್ಕು ಎಂಟ್ರಿ ಮಾಡಿಸ್ರಿ” ಎನ್ನುವರು. ಮ್ಯಾನೇಜರ್ ಅವರ ನಾಟಕದಲ್ಲಿ ಪಾತ್ರ ಮಾಡಿದವನಲ್ಲವಾದ್ದರಿಂದ ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಹೆಂಡತಿ ಕೊಟ್ರಮ್ಮ ಮಿರ್ಚಿ ಮಂಡಕ್ಕಿ ಅಂಗಡಿ ನಡೆಸುತ್ತಿದ್ದಳು, ಎಲ್ಲ ನಾಟಕಗಳ ಎಲ್ಲರ ಮಾತೂ ಆಕೆಗೆ ಬಾಯಿಪಾಠ. ಎಣ್ಣೆಯಲ್ಲಿ ಮಿರ್ಚಿ ಬಿಡುತ್ತಲೇ ಮಾತು ಮರೆತವರಿಗೆ ಮಾತು ಕೊಡುವಳು. ಆಮೇಲೆ ಮನೆಮನೆಗೆ ಟೀವಿ ಬಂತು, ಟೀವಿಗೆ ಕೇಬಲ್ಲು ಬಂತು. ನಾಟಕ ಕಲಿಸಿ ಎಂದು ಕರೆಯುವವರು ನಿಂತುಹೋದರು. ಪರದೆಗಳು ಅಟ್ಟ ಸೇರಿದವು. ಮಾಸ್ತರರು ಬೇವಿನ ಕಟ್ಟೆ ಸೇರಿ, ರಸ್ತೆಯಲ್ಲಿ ಹೋಗಿ ಬರುವವರ ಪ್ರವೇಶ, ನಿರ್ಗಮನಗಳನ್ನು ತಿದ್ದುತ್ತಾ ಕೂತಿದ್ದರು.

ಹೀಗಿರುವಾಗ ಸರಕಾರವೇ ಚಪ್ಪಲಿ ಬಿಟ್ಟು ನಡೆದು ಬಂದು ನಾಲ್ಕು ಕಥೆ ಕೊಟ್ಟರೆ ಅವರು ಬಿಡುತ್ತಾರೆಯೇ.

“ನಾಲ್ಕು ಭವಿಷ್ಯಕ್ಕ ನನ್ನ ಹತ್ರ ಪರದಿ ಮೂರೇ ಅದಾವ ರೀ,” ಎಂದರು ಅವರು ಚಾರ್ಟಿನ ಮುಂದೆ ನಿಂತು. “ಒಂದು ಭವಿಷ್ಯ ತೆಗೀರಿ.”

“ಹಂಗೆ ತೆಗೆಯಾಕೆ ಬರಲ್ಲ ಮಾಸ್ತರೇ. ಶಾಸ್ತ್ರದ ಪ್ರಕಾರ ನಾಲ್ಕೇ ಇರಬೇಕು.”

“ಒಗ್ಗಟ್ಟಾಗಿ ಇದ್ದು ಗಿರಾಕಿ ಏರಿದರ ಅರಮನಿ. ಒಗ್ಗಟ್ಟಾಗಿ ಇದ್ದು ಗಿರಾಕಿ ಇಳಿದರ ಬೀದಿ. ಒಡದ ಮ್ಯಾಲೆ ಗಿರಾಕಿ ಏರಿದರೇನು ಇಳಿದರೇನು, ಏಜೆಂಟ ಒತ್ತಿ ಬಾಡೈತಿ ಅಂತಾನ. ಎರಡಕ್ಕೂ ಒಂದೇ ಕಾಡು ಸಾಕು.”

ಬಸವೇಶರು ಬಹಳ ಹೊತ್ತು ಯೋಚಿಸಿ, ಶಾಸ್ತ್ರಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಒಂದು ಭವಿಷ್ಯಕ್ಕೆ ಕಾಟು ಹಾಕಿದರು. ಮಹಾಸಭೆಗಿಂತ ಮೊದಲು ಮೂರನ್ನೂ ಆಡಿ ತೋರಿಸುವುದು, ನೋಡಿದ ಮೇಲೆ ಜನ ತಮಗೆ ಬೇಕಾದ ಭವಿಷ್ಯವನ್ನು ಆರಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಹೇಗೂ ಚಳಿಗಾಲ. ಗಿಡದಲ್ಲಿ ಹೂವಿಲ್ಲ, ಜನಕ್ಕೆ ಕೆಲಸವಿಲ್ಲ. ಅನ್ನದಾನಮ್ಮನವರಿಗೆ ನಂಬಿಕೆ ಹುಟ್ಟಲಿಲ್ಲ. ಆದರೆ ಒಡೆಯುವವರು ಒಡೆಯುವ ತನಕ ಒಂದು ಸೂರಿನಡಿ ಇರುತ್ತಾರಲ್ಲ ಎಂದು ಸಂಘದ ಶೆಡ್ಡಿನ ಬೀಗ ತೆಗೆದು ಕೊಟ್ಟರು.

ಪಾತ್ರ ಹಂಚುವ ದಿನ ಗದ್ದಲವಾಯಿತು. ಕಾಡಿನ ಭವಿಷ್ಯದಲ್ಲಿ, ಅಂದರೆ ಸಂಘ ಒಡೆದ ಭವಿಷ್ಯದಲ್ಲಿ, ಒಬ್ಬ ಬೆಳೆಗಾರ ಬಾಡಿದ ಬುಟ್ಟಿಯ ಪಕ್ಕದಲ್ಲಿ ಎದೆಯೊಡೆದು ಸಾಯಬೇಕಿತ್ತು. ಎರಡು ಸಾವಿರದ ಹತ್ತರಲ್ಲಿ ತಾನು ಸತ್ತಿರುತ್ತೇನೆ ಎಂದು ಒಪ್ಪಲು ಯಾರೂ ತಯಾರಿರಲಿಲ್ಲ. “ನಾಟಕ ಅಂದರೂ ನಾಲಿಗಿ ಮ್ಯಾಲೆ ಅಂಥ ಮಾತು ಬ್ಯಾಡ” ಎಂದು ಒಬ್ಬ ಎದ್ದು ಹೋದ. ಇನ್ನೊಬ್ಬ, ಸಾಯುವುದಾದರೆ ತನ್ನ ಬದಲು ಕಾರ್ಯದರ್ಶಿ ಸಾಯಲಿ, ಅದಕ್ಕೇ ಅವನಿಗೆ ಸಂಬಳ ಕೊಡುವುದು ಎಂದ.

“ಆತು ಬಿಡ್ರಿ,” ಎಂದರು ಮಾಸ್ತರರು ಪೇಟಿಯ ಧೂಳು ಒರೆಸುತ್ತಾ. “ಸಾಯೋನಿಗೆ ಎರಡು ಹಾಡು ಇಟ್ಟಿದ್ದೆ. ತೆಗದುಬಿಡ್ತೀನಿ.”

ಎದ್ದು ಹೋದವನು ವಾಪಸು ಬಂದ. ಸ್ವಲ್ಪ ಹೊತ್ತಿನಲ್ಲಿ ಸಾಯಲು ಸಾಲು ನಿಂತಿತ್ತು. ದಾವಣಗೆರೆ ಗುಂಪಿನವರೇ ಎಷ್ಟು ಸಾಯುವುದು, ಹೊಸಪೇಟೆ ಗುಂಪಿಗೂ ಒಂದು ಸಾವು ಕೊಡಿ ಎಂದು ತಕರಾರಾಯಿತು. ಬಸವೇಶ್ ಸಮಾಧಾನ ಹೇಳಲು ಹೋಗಿ “ನೀನು ಇನ್ನೂ ಬದುಕೋದು ಬಾಳ ಐತೆ” ಎಂದು ಒಬ್ಬನಿಗೆ ಹೇಳಿ ಅವನ ದ್ವೇಷ ಕಟ್ಟಿಕೊಂಡರು. ಕೊನೆಗೆ ದನಿ ಚೆನ್ನಾಗಿದೆಯೆಂದು ಸಾವು ಕರಿಸಿದ್ದಪ್ಪನಿಗೆ ಹೋಯಿತು. ಸಾಯುವವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುವ ಗೆಳೆಯನ ಪಾತ್ರ ಹುಲುಗಪ್ಪನಿಗೆ.

“ಅವರ ತಲಿ ನನ್ನ ತೊಡಿ ಮ್ಯಾಲೆ ಇಡಬಾರದು ಅಂತ ಅವರಿಗೆ ಹೇಳ್ರಿ,” ಎಂದ ಹುಲುಗಪ್ಪ.

“ನೀನು ಸುಮ್ಮನ ಅಳು. ತಲಿ ಎಲ್ಲಿ ಇಡಬೇಕಂಬೋದು ನನಗ ಬಿಡು,” ಎಂದರು ಮಾಸ್ತರರು. ಅವರ ಮುಂದೆ ದೊಡ್ಡವರೆಲ್ಲ ಹುಡುಗರೇ.

ಸತ್ತವನಿಗೆ ಹೆಂಡತಿ ಬೇಕು. ಪದ್ಧತಿಯಂತೆ ಸ್ತ್ರೀ ಪಾತ್ರಕ್ಕೆ ಗದಗಿನಿಂದ ಕಲಾವಿದೆಯನ್ನು ಕರೆಸುವ ಮಾತಾಯಿತು. ಸುದ್ದಿ ಕರಿಸಿದ್ದಪ್ಪನ ಹೆಂಡತಿ ಜಂಬಕ್ಕನ ಕಿವಿಗೆ ಬಿದ್ದು, ಆಕೆ ಸೆರಗು ಸಿಕ್ಕಿಸಿಕೊಂಡು ಶೆಡ್ಡಿಗೇ ಬಂದಳು.

“ನಾನು ಬದುಕಿರೋವಾಗ ನನ್ನ ಗಂಡಗ ಗದಗಿನ ಹೆಂಡ್ತಿ ಯಾಕ್ರಿ ಮಾಸ್ತರ?”

“ನಾಟಕದಾಗ ತಂಗಿ.”

“ನಾಟಕದಾಗ ಆದರೂ ಸತ್ತಾನಂದ್ರ ಅಳಾಕ ಹಕ್ಕು ನನಗ ಐತಿ. ಇಷ್ಟು ವರ್ಷ ಇವನ ಕೂಡ ಬಾಳೇವು ಮಾಡಿದಾಕಿ ನಾನು, ಅತ್ತು ಹೆಸರು ತಗೊಳ್ಳಾಕಿ ಆಕಿ?”

ಮಾಸ್ತರರು ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಈ ಮಾತನ್ನ ಹಿಂಗ ಇಡು, ಕಡೀ ಸೀನಿಗೆ ಬೇಕಾಗತೈತಿ” ಎಂದರು. ಜಂಬಕ್ಕನಿಗೆ ಪಾತ್ರ ಸಿಕ್ಕಿತು.

ನಾಟಕವನ್ನು ಯಾರೂ ಹೊಸದಾಗಿ ಬರೆಯಲಿಲ್ಲ. ಮಾಸ್ತರರ ತಲೆಯಲ್ಲಿ ಹಳೆಯ ಮಾತುಗಳು ರಾಶಿ ಬಿದ್ದಿದ್ದವು. ‘ರಾಜ್ಯ’ ಎಂದಿದ್ದಲ್ಲಿ ‘ಸಂಘ’ ಎಂದು ಹಾಕಿದರು, ‘ವೈರಿ ಸೈನ್ಯ’ ಎಂದಿದ್ದಲ್ಲಿ ‘ಪ್ಲಾಸ್ಟಿಕ್ ಹೂವು’. “ಎಲೈ ಪ್ಲಾಸ್ಟಿಕ್ ಮಲ್ಲಿಗೆಯೇ, ನಿನ್ನ ದರ್ಪವನ್ನು ಇಂದೇ ಮುರಿಯದಿದ್ದರೆ ನಾನು ನಿರ್ದೇಶಕ ಮಂಡಳಿಯವನೇ ಅಲ್ಲ” ಎಂದು ಗಂಟಲು ಹರಿಯುವಂತೆ ಕೂಗುವುದು ಸಂಜೆಯಾದರೆ ಓಣಿಗೆಲ್ಲ ಕೇಳುತ್ತಿತ್ತು. ಅನ್ನದಾನಮ್ಮನವರಿಗೆ ಅಧ್ಯಕ್ಷೆಯ ಪಾತ್ರವನ್ನೇ ಕೊಟ್ಟರು. ಅವರು ತಮ್ಮಂತೆಯೇ ಮಾತಾಡಿದ್ದಕ್ಕೆ, ಸಹಜವಾಗಿಲ್ಲ ಎಂದು ಬೈಸಿಕೊಂಡರು.

ಬಸವೇಶರಿಗೂ ಒಂದು ಪಾತ್ರ ಬಂತು. ಎಲ್ಲ ಮುಗಿದ ಮೇಲೆ ಬರುವ ಅಧಿಕಾರಿ. ಒಂದೇ ಮಾತು: “ಪರಿಶೀಲಿಸುತ್ತೇವೆ.” ಈ ಮಾತನ್ನು ಅವರು ಕಚೇರಿಯಲ್ಲಿ ನಿದ್ದೆಯಲ್ಲೂ ಹೇಳುತ್ತಿದ್ದರು. ಪೇಟಿ ನುಡಿದು, ಕಾಡಿನ ಪರದೆಯ ಮುಂದೆ ಬಂದು ನಿಂತರೆ ಮಾತ್ರ ನಾಲಿಗೆ ಒಣಗಿ “ಪರಿ, ಪರಿ” ಎಂದು ನಿಂತುಬಿಡುತ್ತಿತ್ತು. ಪಕ್ಕದ ಅಂಗಡಿಯಿಂದ ಕೊಟ್ರಮ್ಮ, “ಶೀಲಿಸುತ್ತೇವೆ ಅನ್ರಿ ಸಾಹೇಬ್ರ, ಶೀಲಿಸುತ್ತೇವೆ” ಎಂದು ಕೂಗುವಳು.

“ದಿನಾ ಮಾಡೋ ಕೆಲಸ,” ಎಂದರು ಮಾಸ್ತರರು ಬೇಸರದಿಂದ. “ಅದನ್ನೂ ಹೇಳಾಕ ಬರವಲ್ದಲ್ಲರೀ ನಿಮಗ.”

ತಾಲೀಮು ನಡೆದಷ್ಟು ದಿನವೂ ಕರಿಸಿದ್ದಪ್ಪ, ಹುಲುಗಪ್ಪ ಹೊರಗೆ ಮಾತಾಡಲಿಲ್ಲ. ಒಳಗೆ ಮಾತ್ರ “ಗೆಳೆಯಾ, ನಿನ್ನ ಬಿಟ್ಟು ನಾನು ಹೇಗೆ ಬದುಕಲಿ” ಎಂದು ದಿನಾ ಸಂಜೆ ಒಬ್ಬ ಅಳುತ್ತಿದ್ದ, ಇನ್ನೊಬ್ಬ ಅವನ ತೊಡೆಯ ಮೇಲೆ ಸಾಯುತ್ತಿದ್ದ. ಸತ್ತು ಎದ್ದ ಕೂಡಲೆ ಟವೆಲ್ ಕೊಡವಿ, “ಅವರು ಅಳೋವಾಗ ಮೂಗಿನ ನೀರು ನನ್ನ ಮ್ಯಾಲೆ ಬೀಳಬಾರದು ಅಂತ ಹೇಳ್ರಿ” ಎನ್ನುತ್ತಿದ್ದ.

ಕರೆಂಟಿನ ಭರವಸೆ ಇಲ್ಲದ್ದರಿಂದ ನಾಟಕ ಹಾಡಹಗಲೇ ಶುರುವಾಯಿತು. ಟೀವಿ ಬಂದ ಮೇಲೆ ಊರು ಹೀಗೆ ಒಂದೆಡೆ ಕೂತದ್ದೇ ಇರಲಿಲ್ಲ. ಮೊದಲು ಅರಮನೆ ಪರದೆ ಬಿತ್ತು. ಸಂಘ ಒಂದಾಗಿದೆ, ಮಲ್ಲಿಗೆ ವಿಮಾನದಲ್ಲಿ ಹೋಗುತ್ತಿದೆ, ಎಲ್ಲರಿಗೂ ಬೋನಸ್ಸು. ಬಸವೇಶರು ಅತಿ ಹೆಚ್ಚು ನಂಬಿದ್ದ ಭವಿಷ್ಯ ಇದೇ. ಆದರೆ ಎಲ್ಲರೂ ಸುಖವಾಗಿರುವುದನ್ನು ಎಷ್ಟು ಹೊತ್ತು ನೋಡುವುದು? ಜಗಳವಿಲ್ಲ, ಅಳುವಿಲ್ಲ, ಒಂದು ಗುದ್ದಾಟವೂ ಇಲ್ಲ. ಜನ ಆಕಳಿಸಿದರು, ಕೊಟ್ರಮ್ಮನ ಅಂಗಡಿಯ ಮುಂದೆ ಮಿರ್ಚಿಗೆ ಸಾಲು ಹಚ್ಚಿದರು. “ಈ ಭವಿಷ್ಯ ಜಲ್ದಿ ಮುಗಸ್ರೀ” ಎಂದು ಯಾರೋ ಕೂಗಿದರು. ಬೀದಿಯ ಪರದೆಯ ಭವಿಷ್ಯದಲ್ಲಿ ಗಿರಾಕಿ ಇಳಿದು ಸಂಘದವರೆಲ್ಲ ಒಟ್ಟಿಗೆ ಕೂತು ಅಗರಬತ್ತಿ ಹೊಸೆಯುತ್ತಿದ್ದರು. ಅದಕ್ಕೆ ಒಂದು ಹಾಸ್ಯದ ಹಾಡಿತ್ತು, ಹೇಗೋ ದಾಟಿತು.

ಆಮೇಲೆ ಕಾಡು ಬಿತ್ತು.

ಸಂಘ ಒಡೆಯಿತು. ಏಜೆಂಟ ಬಂದು ಮೊಗ್ಗು ಒತ್ತಿ “ಬಾಡೈತಿ” ಎಂದ. ಹಿಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು ಅವನಿಗೆ ಶಾಪ ಹಾಕಿದಳು. ಕರಿಸಿದ್ದಪ್ಪ ಬುಟ್ಟಿ ಹೊತ್ತು ದಾವಣಗೆರೆ, ಹೊಸಪೇಟೆ ಎಂದು ಕಾಡಿನ ಪರದೆಯ ಮುಂದೆ ಅಲೆದು, ಎದೆ ಹಿಡಿದುಕೊಂಡು, ಮೊದಲ ಹಾಡು ಹಾಡಿದ. ಬಿದ್ದು ಎರಡನೆಯದನ್ನು ಹಾಡಿದ. ಹುಲುಗಪ್ಪ ಓಡಿ ಬಂದು ತಲೆಯನ್ನು ತೊಡೆಗೆ ಎತ್ತಿಕೊಂಡ. ಜಂಬಕ್ಕ ಕಲಿತ ಮಾತೆಲ್ಲ ಬಿಟ್ಟು, ಗಂಡ ಎಂದೋ ತವರಿಗೆ ಕಳಿಸದೆ ಇದ್ದದ್ದು, ಸೀರೆ ಹೇಳಿ ತಾರದೆ ಇದ್ದದ್ದು ಎಲ್ಲವನ್ನೂ ಸೇರಿಸಿ ಅತ್ತಳು. ಜನ ಸೆರಗು, ಟವೆಲ್ಲು ಕಣ್ಣಿಗೊತ್ತಿಕೊಂಡು “ಒನ್ಸ್ ಮೋರ್” ಎಂದರು. ಕರಿಸಿದ್ದಪ್ಪ ಎದ್ದು ಮತ್ತೆ ಸತ್ತ.

ನಮ್ಮ ಕಡೆ ಪಾತ್ರ ಮನಸ್ಸಿಗೆ ಹತ್ತಿದರೆ ಆಟ ನಿಲ್ಲಿಸಿ ರಂಗಕ್ಕೇ ಹತ್ತಿ ಉಡುಗೊರೆಯ ಆಯಾರ ಮಾಡುವ ಪದ್ಧತಿ. ಟವೆಲ್ಲು ಹೊದಿಸುವವರು ಬಂದರು, ಟೊಪ್ಪಿಗೆ ಇಡುವವರು ಬಂದರು. ಪ್ರತಿ ಸಲವೂ ಪೇಟಿ ನಿಂತು, “ಶವದ ಪಾತ್ರಕ್ಕೆ ಮೆಚ್ಚಿ ಇಂಥವರಿಂದ ಒಂದು ಟವೆಲ್” ಎಂದು ಮೈಕಿನಲ್ಲಿ ಸಾರುವುದು, ಶವ ಮಲಗಿದಲ್ಲೇ ಕೈ ಮುಗಿಯುವುದು, ಹುಲುಗಪ್ಪ ಅಳು ನಿಲ್ಲಿಸಿದಲ್ಲಿಂದಲೇ ಮುಂದುವರಿಸುವುದು. ಈ ಗದ್ದಲದಲ್ಲಿ ಬಸವೇಶರ ಪ್ರವೇಶವಾದದ್ದನ್ನು ಯಾರೂ ನೋಡಲಿಲ್ಲ. ಅವರು ಮೊದಲ ಸಲ ತಪ್ಪಿಲ್ಲದೆ “ಪರಿಶೀಲಿಸುತ್ತೇವೆ” ಎಂದದ್ದನ್ನು ಯಾರೂ ಕೇಳಲೂ ಇಲ್ಲ.

ಪರದೆ ಬಿದ್ದ ಮೇಲೆ ಬಸವೇಶ್ ತಲೆಯ ಮೇಲೆ ಕೈ ಹೊತ್ತು ಕೂತರು. ಮೂರು ಭವಿಷ್ಯ ತೋರಿಸಿ ಒಂದನ್ನು ಆರಿಸಿಕೊಳ್ಳಿ ಎಂದರೆ, ಸಂಘ ಹಾಳಾಗುವುದನ್ನು ಊರು ಚಪ್ಪಾಳೆ ತಟ್ಟಿ, ಸಿಳ್ಳೆ ಹಾಕಿ, ಟವೆಲ್ಲು ಹೊದಿಸಿ ಆರಿಸಿಕೊಂಡಿತ್ತು. ಇದನ್ನು ವರದಿಯಲ್ಲಿ ಬರೆಯುವುದು ಹೇಗೆ?

“ಇನ್ನೇನು ಉಳೀತು ಸಾಹೇಬ್ರ,” ಎಂದರು ಅನ್ನದಾನಮ್ಮ. ಅವರ ಕಣ್ಣು ಕೆಂಪಾಗಿತ್ತು. ನಾಟಕಕ್ಕೋ ಸಂಘಕ್ಕೋ ಗೊತ್ತಾಗುವಂತಿರಲಿಲ್ಲ. “ಒಡಿಯೋದನ್ನ ಇಷ್ಟು ಚಂದ ಮಾಡಿ ತೋರಿಸಿದ ಮ್ಯಾಲೆ ಒಡೀಬ್ಯಾಡ್ರಿ ಅಂತ ಯಾವ ಬಾಯಿಲೆ ಹೇಳಲಿ?”

ಮಹಾಸಭೆಯ ದಿನ ಶೆಡ್ಡು ತುಂಬಿತ್ತು. ಎಡಕ್ಕೆ ದಾವಣಗೆರೆ, ಬಲಕ್ಕೆ ಹೊಸಪೇಟೆ. ಕರಿಸಿದ್ದಪ್ಪ ಎದ್ದು ನಿಂತು, ಹೊದಿಸಿದ್ದ ಟವೆಲ್ಲುಗಳಲ್ಲಿ ಒಂದನ್ನು ಸರಿಮಾಡಿಕೊಂಡು, “ಸಂಘ ಎರಡಾಗಬೇಕಂಬೋ ಠರಾವು” ಎಂದು ಶುರು ಮಾಡಿದ. ಅನ್ನದಾನಮ್ಮ ಮುಖ ಆ ಕಡೆ ತಿರುಗಿಸಿದರು.

ಆಗ ಪಂಚಾಕ್ಷರಪ್ಪನವರು ಮೂಲೆಯಲ್ಲಿ ಎದ್ದರು. “ಠರಾವಿಗೆ ನಂದೇನು ಅಡ್ಡಿ ಇಲ್ಲ ರೀ. ಒಂದು ಮಾತು ತಿಳಕಂಡು ಹೋಗಬೇಕು. ಹಂಪಸಾಗರದವರು ನಾಟಕ ಕೇಳ್ಯಾರ. ಉಜ್ಜಿನಿಯವರು ಮಠದ ಮುಂದಿನ ಬಯಲು ಬಿಟ್ಟುಕೊಡ್ತೀವಿ ಅಂದಾರ. ಅರಮನಿ, ಬೀದಿ ಬ್ಯಾಡಂತ. ಕಾಡು ಅಷ್ಟ ಸಾಕಂತ. ಈಗ ಎರಡು ಸಂಘ ಆದರ, ಯಾವ ಸಂಘದ ನಾಟಕ ಅಂತ ಬರಸಲಿ?”

“ದಾವಣಗೆರೆ ಕಡೇರದು,” ಎಂದರು ಎಡಗಡೆಯವರು. “ಸಾಯೋನು ನಮ್ಮವ.”

“ತೊಡಿ ನಮ್ಮದು,” ಎಂದರು ಬಲಗಡೆಯವರು.

“ಬ್ಯಾರೆ ತೊಡಿ ನೋಡಿಕೊಳ್ರಿ ಹಂಗಾರ.”

“ಬ್ಯಾರೆ ತೊಡಿಗೆ ಮತ್ತ ಮೊದಲಿಂದ ತಾಲೀಮು ಆಗಬೇಕು,” ಎಂದರು ಮಾಸ್ತರರು. “ತಲಿ ಕುಂದ್ರೋದು ಅಷ್ಟು ಜಲ್ದಿ ಬರಂಗಿಲ್ಲ.”

ಶೆಡ್ಡಿನಲ್ಲಿ ಗುಸುಗುಸು ಎದ್ದಿತು. ಹುಲುಗಪ್ಪ ನೆಲ ನೋಡುತ್ತಾ ಕೂತಿದ್ದವನು ನಿಧಾನವಾಗಿ ಎದ್ದ. ಒಂದು ವರ್ಷದ ಮೇಲೆ, ನಡುವೆ ಯಾರನ್ನೂ ಇಟ್ಟುಕೊಳ್ಳದೆ, ಕರಿಸಿದ್ದಪ್ಪನ ಮುಖವನ್ನೇ ನೋಡಿ ಮಾತಾಡಿದ.

“ಲೇ ಕರಿಸಿದ್ದ, ನೀನು ಆ ಕಡಿ ಸಂಘದಾಗ ಸತ್ತರ ನಾನು ಈ ಕಡಿ ಸಂಘದಾಗ ಹೆಂಗ ಅಳಲಿ?”

ಕರಿಸಿದ್ದಪ್ಪ ಠರಾವಿನ ಹಾಳೆಯನ್ನು ನೋಡಿದ, ಹುಲುಗಪ್ಪನನ್ನು ನೋಡಿದ. “ಅದೂ ಐತಿ,” ಎಂದ. ಹಾಳೆಯನ್ನು ಮಡಚುತ್ತಾ, “ಎರಡನೇ ಹಾಡಿನಾಗ ನೀ ಲಗೂ ಓಡಿ ಬರ್ತಿ. ನನ್ನ ಹಾಡು ಮುಗಿದಿರಂಗಿಲ್ಲ,” ಎಂದ.

“ನೀ ಎಳೀತಿ ಅದನ್ನ. ಸಾ ಅಂದರ ಸಾಯಬೇಕು.”

“ಎಲ್ಲಿ ಎಳದೀನಿ? ಮಾಸ್ತರನ್ನ ಕೇಳು.”

ಮುಂದಿನ ಹೊತ್ತೆಲ್ಲ ಎರಡನೆಯ ಹಾಡಿನ ಚರ್ಚೆಯಲ್ಲೇ ಹೋಯಿತು. ಸಂಘ ಒಡೆಯುವ ಠರಾವನ್ನು, ಒಡೆಯುವ ನಾಟಕದ ಪ್ರದರ್ಶನಗಳೆಲ್ಲ ಮುಗಿಯುವ ತನಕ ಮುಂದೂಡಬೇಕೆಂದು ಎರಡೂ ಕಡೆಯವರು ಕೈ ಎತ್ತಿದರು. ಹೂವು ಯಾವ ಊರಿಗೆ ಹೋಗಬೇಕೆಂಬ ಪ್ರಶ್ನೆಗೆ, ಈ ಸೀಮೆಯಲ್ಲಿ ಯಾರೂ ಕೇಳಿರದ ಪರಿಹಾರವೊಂದು ಸಿಕ್ಕಿತು. ನಾಟಕ ದಾವಣಗೆರೆ ದಿಕ್ಕಿಗೆ ಹೋದ ವಾರ ಬುಟ್ಟಿಗಳು ದಾವಣಗೆರೆಗೆ, ಹೊಸಪೇಟೆ ದಿಕ್ಕಿಗೆ ಹೋದ ವಾರ ಹೊಸಪೇಟೆಗೆ. ಏಜೆಂಟರು ಮೊಗ್ಗು ಒತ್ತುವುದನ್ನು ಬಿಟ್ಟು ಮಾಸ್ತರರ ಮನೆ ಬಾಗಿಲಿಗೆ ಬಂದು, ಮುಂದಿನ ಆಟ ಎಲ್ಲಿ ಎಂದು ಕೇಳತೊಡಗಿದರು. ಅನ್ನದಾನಮ್ಮ ಪಾತ್ರ ಬಿಟ್ಟು ಬುಟ್ಟಿ ಲೆಕ್ಕಕ್ಕೆ ಕೂತರು. ಜಂಬಕ್ಕನ ಅಳು ಕೇಳಲು ಕೂಡ್ಲಿಗಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು.

ಬಸವೇಶರ ವರದಿ ಬಹಳ ದಿನ ಅವರ ಮೇಜಿನ ಮೇಲೆಯೇ ಇತ್ತು. ‘ಸಂಘವು ಒಡೆಯುವ ಭವಿಷ್ಯವನ್ನು ಆರಿಸಿಕೊಂಡಿದ್ದು, ಅದನ್ನು ಚೆನ್ನಾಗಿ ನಿರ್ವಹಿಸುವ ಸಲುವಾಗಿ ಒಗ್ಗಟ್ಟಾಗಿದೆ’ ಎಂಬ ವಾಕ್ಯವನ್ನು ಅವರು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕಣ್ಣು ಮುಚ್ಚಿ ಸಹಿ ಮಾಡಿ ಕಳಿಸಿದರು. ಅದನ್ನು ಓದಿದ ಮೇಲಿನ ಕಚೇರಿಯಿಂದ ಎರಡು ವರ್ಷದ ಮೇಲೆ ದೊಡ್ಡ ಸಾಹೇಬರೊಬ್ಬರು, ಇದೇನೆಂದು ಕಣ್ಣಾರೆ ನೋಡಿ ಹೋಗಲು ಜೀಪಿನಲ್ಲಿ ಇಟ್ಟಿಗಿಗೆ ಬಂದರು. ಬಸವೇಶ್ ಜೊತೆಗಿದ್ದರು. ಬೇವಿನ ಕಟ್ಟೆ ಖಾಲಿ. ಶೆಡ್ಡಿನೊಳಗೆ ಮಾಸ್ತರರು ಪೇಟಿಯ ಮುಂದೆ, ಕರಿಸಿದ್ದಪ್ಪ ಹುಲುಗಪ್ಪನ ತೊಡೆಯ ಮೇಲೆ. ಒಂದು ಪಕ್ಕಕ್ಕೆ ಒದ್ದೆ ಬಟ್ಟೆ ಮುಚ್ಚಿದ ಮಲ್ಲಿಗೆ ಬುಟ್ಟಿಗಳು ಸಾಲಾಗಿದ್ದವು.

ಸಾಹೇಬರು ಎಲ್ಲವನ್ನೂ ನೋಡಿದರು. ಬುಟ್ಟಿ ಎತ್ತಿ ನೋಡಿದರು. ಸತ್ತವನು ಕಣ್ಣು ಬಿಟ್ಟು ನಮಸ್ಕಾರ ಮಾಡಿದ್ದಕ್ಕೆ ತಾವೂ ಕೈ ಮುಗಿದರು. ಕೊನೆಗೆ, ಇವರೊಬ್ಬರೇ ನಿಜ ಹೇಳುವ ಆಸಾಮಿ ಎಂದು ತೋರಿದ್ದರಿಂದ ಪಂಚಾಕ್ಷರಪ್ಪನವರ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು.

“ಮಾಸ್ತರೇ, ನನಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ. ಈ ಸಂಘ ಒಡೆಯುತ್ತೋ, ಇಲ್ಲವೋ?”

ಮಾಸ್ತರರು ಪೇಟಿಯ ಮೇಲಿನ ಬೆರಳು ತೆಗೆಯದೆ ಹೇಳಿದರು: “ಒಡೀತೈತ್ರಿ ಸಾಹೇಬ್ರ. ಶಿವರಾತ್ರಿಗೆ ಕೊಟ್ಟೂರಾಗ ಒಡೀತೈತಿ, ಯುಗಾದಿ ಮರುದಿನ ಹಂಪಸಾಗರದಾಗ. ಅದರ ಮುಂದ ಖಾಲಿ ಅದೀವಿ, ನಿಮಗ ಯಾವ ತಾರೀಖು ಬೇಕು?”